ಬಣವಿ ಬೆವೆತ ವರ್ಷ

ಚಹಾಪುಡಿಯ ಹೊಸ ಪೊಟ್ಟಣ ಕತ್ತರಿಸಿ ಡಬ್ಬಿಗೆ ಸುರಿಯುವಾಗ ಒಂದು ಕ್ಷಣ ಮುಖವನ್ನು ಡಬ್ಬಿಯ ಬಾಯಿಗೆ ತಂದುಕೊಳ್ಳುತ್ತೇನೆ. ಮಕ್ಕಳು ನಗುತ್ತಾರೆ. ಅವರಿಗೆ ಅದು ಚಹಾದ ವಾಸನೆ. ನನಗೆ ಮಾತ್ರ ಅದು ಸರಿಯಾಗಿ ಒಣಗಿದ ಮೇವಿನ ವಾಸನೆ. ಇನ್ನೊಂದು ವಾಸನೆಯೂ ಇದೆ. ಹಬ್ಬದಲ್ಲಿ ಬೆಲ್ಲದ ಪಾಕ ತುಸು ಹೆಚ್ಚು ಕಾಯ್ದು ತಳ ಹಿಡಿದರೆ ಒಲೆ ಆರಿಸಿ ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಎರಡೂ ವಾಸನೆ ಒಂದೇ ಹೊಲದವು, ಒಂದೇ ವರ್ಷದವು.

ಈಗ ನಾವು ಮಕ್ಕಳ ಶಾಲೆಗಾಗಿ ಇಂಡಿ ಪಟ್ಟಣದಲ್ಲಿದ್ದೇವೆ. ಆಗ ಊರಲ್ಲಿ, ತಾಂಬಾದ ಮನೆಯಲ್ಲಿದ್ದೆವು. ನಮ್ಮವರು ಸಿಂದಗಿಯ ಹೈಸ್ಕೂಲಿನಲ್ಲಿ ಮಾಸ್ತರರು, ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವರು. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನು, ಮಕ್ಕಳು, ಅತ್ತೆ ನೀಲವ್ವ ಮತ್ತು ಮೈದುನ ಮಲ್ಲೇಶಿ. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹೊಲ, ದನ, ಆಳು, ಎಲ್ಲದರ ಮಾತೂ ಅತ್ತೆಯದೇ.

ನಾನು ವಿಜಯಪುರದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ನಾವು ಕಸೂತಿ ಹಾಕಿದ ಕರವಸ್ತ್ರವನ್ನು ಮೇಲಿನಿಂದ ನೋಡುತ್ತಲೇ ಇರಲಿಲ್ಲ. ಕೈಗೆತ್ತಿಕೊಂಡ ಕೂಡಲೇ ಮಗುಚುವರು. ಹಿಂಬದಿಯ ಗಂಟುಗಳನ್ನು ನೋಡಿ ಅಂಕ ಹಾಕುವರು. ಆ ಚಾಳಿ ನನಗೂ ಅಂಟಿತು. ರೊಟ್ಟಿಯಾಗಲಿ, ಸೀರೆಯ ಸೆರಗಾಗಲಿ, ಮಗುಚಿ ನೋಡದೆ ಸಮಾಧಾನವಾಗುವುದಿಲ್ಲ. ಅತ್ತೆ ಇದನ್ನು ಕಂಡು "ನಮ್ಮ ಸೊಸಿ ದೇವರ ಪ್ರಸಾದನೂ ತಿರುವಿ ನೋಡಿ ತಿಂತಾಳ" ಎಂದು ಬಂದವರೆದುರು ನಗುತ್ತಿದ್ದರು. ಸಿಟ್ಟಿನಿಂದಲ್ಲ.

ಆ ವರ್ಷ ನವರಾತ್ರಿಗೆ ಘಟ ಹಾಕಿದ ಮರುದಿನ ಭೀಮಾ ಹೊಳೆ ಏರಿತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರಂತೆ ಎಂಬ ಸುದ್ದಿ ಬೆಳಿಗ್ಗೆ ಬಂತು. ಸಂಜೆಗೆ ನಾದಿನಿ ಕಾಶಿಯೇ ಬಂದಳು, ಆಲಮೇಲದ ಆಚೆಯ ತನ್ನ ಹೊಳೆದಂಡೆಯ ಊರಿನಿಂದ, ಗಂಡ ಶಿವಾನಂದನೊಡನೆ, ಎರಡು ಟೆಂಪೋ ತುಂಬ ದನ ಹೇರಿಕೊಂಡು. ಮೊಣಕಾಲಿನವರೆಗೆ ಸೀರೆ ಕೆಸರು. ಕೈಯಲ್ಲಿ ಗಬ್ಬದ ಎಮ್ಮೆ ಚಂದ್ರಿಯ ಹಗ್ಗ. ಮೊದಲು ಅದನ್ನು ಗೂಟಕ್ಕೆ ಕಟ್ಟಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು.

"ವೈನಿ, ನಮ್ಮ ಬಣವಿ ತೇಲಿಕೋತ ಹೋತ್ರಿ. ಹೊಳಿಯಾಗ ಒಂದು ಮನಿ ಹೊಂಟಂಗ ಕಾಣ್ತಿತ್ತು. ಮ್ಯಾಲ ನಮ್ಮ ಕೋಳಿ ಕುಂತಿತ್ತು, ಸುಮ್ನ, ಬಸ್ಸಿನ್ಯಾಗ ಕುಂತಂಗ."

ಹೇಳಿ ನಕ್ಕಳು, ನಗುತ್ತ ನಗುತ್ತ ಅತ್ತಳು.

ಶಿವಾನಂದ ಕಟ್ಟೆಯ ಮೇಲೆ ಕುಳಿತು ಚಹಾ ಮುಟ್ಟದೆ ಹೇಳಿದ: "ಮನಿ ಉಳದೈತಿ, ಅದೇ ದೊಡ್ಡದು. ದನ ಮಾರಿಬಿಡೂಣ್ರಿ ಅತ್ತಿಯವರ. ಹೊಟ್ಟಿಗಿ ಹಾಕಾಕ ಒಂದು ಎಸಳು ಉಳದಿಲ್ಲ. ವ್ಯಾಪಾರಿಗಳು ಈಗಾಗಲೇ ಆಲಮೇಲಕ್ಕ ಬಂದು ಕುಂತಾರ."

ಕಾಶಿ ಮುಖ ಆಚೆ ತಿರುಗಿಸಿದಳು. ಆ ದನಗಳೆಲ್ಲ ಅವಳು ತವರಿನಿಂದ ಒಯ್ದ, ಇನ್ನೂ ಕರು ಹಾಕದ ಒಂದು ಮಣಕದಿಂದ ಬೆಳೆದ ಸಂತಾನ.

ಅತ್ತೆ ಹೇಳಿದರು: "ಮಗಳ ಮನಿ ದನ ನನ್ನ ಅಂಗಳಕ್ಕ ಬಂದಾವ ಅಂದ್ರ ಸಂತಿಗಿ ಕಳಸಾಕ ಅಲ್ಲ. ಬಡಗಣ ಹೊಲದಾಗ ಮೇವಿನ ಜ್ವಾಳ ನಿಂತೈತಿ. ಮಳಿ ತೆರವು ಕೊಟ್ಟ ಕೂಡ್ಲೆ ಕೊಯ್ದು, ಒಣಗಿಸಿ ಒಟ್ಟೂಣು. ಅದು ಕೈಗಿ ಬಂತಂದ್ರ ಎರಡೂ ಮನಿ ದನ ಬಿಳಿಜ್ವಾಳದ ಕಣಿಕಿ ಬರೂತನಕ ಬದುಕ್ತಾವ. ಬರಲಿಲ್ಲಂದ್ರ ನೀವು ಅಂದಂಗ ಆಗ್ಲಿ."

ಅಂದಿನಿಂದ ಮನೆಯಲ್ಲಿ ಎಲ್ಲರ ಕಣ್ಣೂ ಒಂದು ಮುಗಿಲಿನ ಮೇಲೆ, ಇನ್ನೊಂದು ಬಡಗಣ ಹೊಲದ ಮೇಲೆ. ಬಿಳಿಜೋಳದ ಒಣದಂಟು, ಅಂದರೆ ಕಣಿಕೆ, ಕೈಗೆ ಬರುವುದು ಬೇಸಿಗೆಯ ಹೊತ್ತಿಗೆ. ಹಸಿಯಾಗಿಯೇ ಕೊಯ್ದು ಹಾಕಿದರೆ ಅಷ್ಟು ದನಕ್ಕೆ ಅದು ಬೇಗ ಮುಗಿಯುತ್ತಿತ್ತು. ನಿಲ್ಲಿಸಿಟ್ಟರೆ ಬಲಿತು ಬಿದಿರಿನಂತಾಗುತ್ತಿತ್ತು. ಒಣಗಿಸಲೇಬೇಕಿತ್ತು, ಅದೂ ಎರಡು ಮಳೆಗಳ ನಡುವಿನ ಸಂದಿಯಲ್ಲಿ.

ಅದಕ್ಕೆಂದೇ ಮಲ್ಲೇಶಿಯ ಬಳಿ ಒಂದು ಯಂತ್ರವಿತ್ತು. ಸೊಲ್ಲಾಪುರದ ಕಡೆ ಯಾರೋ ಡೇರಿ ಮುಚ್ಚಿದಾಗ ತಂದದ್ದು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯಬೇಕು. ಮುಂದೆ ಬ್ಲೇಡುಗಳು ಮೇವನ್ನು ಬುಡದಲ್ಲಿ ಕೊಯ್ಯುತ್ತವೆ, ಕೊಯ್ದದ್ದು ಎರಡು ಹಲ್ಲಿನ ರಬ್ಬರ್ ರೋಲುಗಳ ನಡುವೆ ನುಗ್ಗಿ, ದಂಟು ಅಲ್ಲಲ್ಲಿ ಒಡೆದು, ಹಿಂದೆ ಸಾಲಾಗಿ ಬೀಳುತ್ತದೆ. ಅದು ಬಂದ ದಿನ ಊರಿನ ಹಿರಿಯರೊಬ್ಬರು ಬಗ್ಗಿ ನೋಡಿ, "ಮಲ್ಲೇಶಿ, ಇದು ಮೇವು ಕೊಯ್ತೈತೋ ಕಬ್ಬಿನ ಹಾಲು ಹಿಂಡತೈತೋ? ಒಂದು ಗ್ಲಾಸ್ ನನಗೂ ಇಡಪಾ" ಎಂದಿದ್ದರು.

ದಂಟು ಒಡೆಯಬೇಕಾದದ್ದು ಯಾಕೆ ಎಂಬುದನ್ನು ಮಲ್ಲೇಶಿ ನನಗೆ ಬಿಡಿಸಿ ಹೇಳಿದ್ದ. ಎಲೆ ಬೇಗ ಒಣಗುತ್ತದೆ, ದಂಟು ತಡವಾಗಿ. ದಂಟಿಗೆ ಕಾದರೆ ಎಲೆ ಪುಡಿಯಾಗಿ ಮಣ್ಣುಪಾಲು. ಎಲೆ ನೋಡಿ ಅವಸರಪಟ್ಟರೆ ಹಸಿ ದಂಟು ಬಣವಿಯೊಳಗೆ ಕೂತು ಕಾಯತೊಡಗುತ್ತದೆ. ಒಡೆದ ದಂಟು ಎಲೆಯ ಜೊತೆಜೊತೆಗೇ ಒಣಗುತ್ತದೆ.

ಮಳೆ ನಿಂತು ಬಿಸಿಲು ಬಿತ್ತು. ಯಂತ್ರ ಹೊಲಕ್ಕಿಳಿಯುವ ಮೊದಲು ಒಂದು ಸಣ್ಣ ಮಾತುಕತೆ ನಡೆಯಿತು. ಬದುವಿನಲ್ಲಿ ಬುತ್ತಿ ಹಿಡಿದು ನಿಂತಿದ್ದ ನಾನು ಅದನ್ನು ಕೇಳಿಸಿಕೊಂಡೆ.

"ಯವ್ವಾ, ಒಂದು ಗೇಣಿನಷ್ಟು ಮೋಟು ಬಿಟ್ಟು ಕೊಯ್ಯೂದು ಚಲೋ ಅಂತಾರ" ಎಂದ ಮಲ್ಲೇಶಿ.

"ಗೇಣು?" ಅತ್ತೆಗೆ ನಗುವೇ ಬಂತು. "ಆ ಮೋಟು ಯಾರ ದನಕ್ಕ? ಹೊಳಿಗಿ ಹೋದದ್ದು ಸಾಲದಂತ ಹೊಲದಾಗೂ ಬಿಟ್ಟು ಬರೂಣೇನು? ನೆಲಕ್ಕ ಹಚ್ಚಿ ಕೊಯ್ಯಿ."

ಅವರ ಮಾತಿನಲ್ಲಿ ಜಿಪುಣತನವಿರಲಿಲ್ಲ. ನಮ್ಮ ಕಡೆ ಹಿಂಗಾರಿಯ ಬಿಳಿಜೋಳವನ್ನು ಕೊಯ್ಯುವ ಪದ್ಧತಿಯೇ ಇಲ್ಲ, ಬೇರುಸಹಿತ ಕೀಳುತ್ತಾರೆ. ಬುಡದ ದಂಟು ದಪ್ಪ, ದನಕ್ಕೆ ತಾಳಿಕೆ. ಕಿತ್ತ ಹೊಲದಲ್ಲಿ ಬೆರಳುದ್ದದ ಮೋಟು ಉಳಿದರೂ "ಇದೇನವಾ, ಹೊಲಕ್ಕ ಗಡ್ಡ ಬಿಟ್ಟೀರಿ" ಎಂದು ಪಕ್ಕದ ಹೊಲದವರು ಕೂಗಿ ಹಾಸ್ಯ ಮಾಡುತ್ತಾರೆ. ಹಾಗೆ ಬೆಳೆದ ಕೈಗೆ ಮೇವನ್ನು ಮೋಟಿನಲ್ಲಿ ಬಿಡುವುದೆಂದರೆ ದನದ ಬಾಯಿಂದ ಕಿತ್ತುಕೊಂಡಂತೆ. ಮಲ್ಲೇಶಿ ಯಂತ್ರದ ಕೆಳಗಿನ ಕಬ್ಬಿಣದ ಪಾದಗಳನ್ನು ಪೂರ್ತಿ ಮೇಲಕ್ಕೆ ಸರಿಸಿ ಬ್ಲೇಡನ್ನು ನೆಲಕ್ಕೆ ಇಳಿಸಿದ. ಹಿಂದಿನ ತಗಡಿನ ರೆಕ್ಕೆಗಳನ್ನು ಒಳಕ್ಕೆ ಒತ್ತಿದ. ಮೇವು ಚೆಲ್ಲಾಪಿಲ್ಲಿಯಾಗದೆ ಒತ್ತೊತ್ತಾಗಿ, ಗೆರೆ ಎಳೆದ ಹಾಗೆ ಬಿತ್ತು. ಅತ್ತೆಗೆ ಸಂತೋಷವಾಯಿತು. "ಸಾಲು ಅಂದ್ರ ಹಿಂಗ ಇರಬೇಕು ನೋಡು" ಎಂದರು. ಅರ್ಧ ಹೊಲ ಕೊಯ್ದು, ಉಳಿದರ್ಧವನ್ನು ಮುಂದಿನ ತೆರವಿಗೆ ಬಿಟ್ಟರು.

ಬಿಸಿಲು ಚೆನ್ನಾಗಿಯೇ ಕಾಯಿತು. ಮೂರನೆಯ ದಿನ ಮಧ್ಯಾಹ್ನ ಚಹಾ ಒಯ್ದಾಗ ಸಾಲುಗಳು ಮೇಲಿನಿಂದ ಬೂದುಹಸಿರಾಗಿ, ಮುಟ್ಟಿದರೆ ಸರಸರ ಎನ್ನುತ್ತಿದ್ದವು. ಕಾಶಿ ಒಂದು ಹಿಡಿ ಎತ್ತಿ ಮೂಸಿ, "ವೈನಿ, ನಮ್ಮ ಚಂದ್ರಿ ಬಾಣಂತಿ ಊಟ ಇದು" ಎಂದಳು.

ನಾನು ಸಾಲಿನ ಪಕ್ಕ ಕುಳಿತು ಮಗುಚಿದೆ. ಒಳಗಿನ ಮೇವು ತೊಯ್ದ ಬಟ್ಟೆಯಂತೆ ತಣ್ಣಗಿತ್ತು. ಮೋಟಿನ ಆಸರೆಯಿಲ್ಲದೆ ಅದು ಹಸಿ ಎರೆಮಣ್ಣಿನ ಮೇಲೆ ನೇರವಾಗಿ ಕೂತು, ಮೇಲಿನ ಬಿಸಿಲು ಎಳೆದುಕೊಂಡಷ್ಟನ್ನು ಕೆಳಗಿನಿಂದ ಮತ್ತೆ ಕುಡಿಯುತ್ತಿತ್ತು. ಇನ್ನೊಂದು ವಿಚಿತ್ರವೂ ಕಂಡಿತು. ಸಾಲಿನ ಎಡಮಗ್ಗುಲಿನ ದಂಟುಗಳ ಮೇಲೆ ರೋಲಿನ ಹಲ್ಲಿನ ಗುರುತು ಒಂದೇ ಅಂತರದಲ್ಲಿ ಮೂಡಿತ್ತು. ಬಲಮಗ್ಗುಲಿನ ದಂಟುಗಳು ಹಾಗೇ ನುಣ್ಣಗೆ, ಉಗುರಿನಿಂದ ಗೀರಿದರೆ ರಸ ಬರುವಷ್ಟು ಹಸಿ. ಮುಂದಿನ ಸಾಲಿನಲ್ಲೂ ಅದೇ.

"ಮಲ್ಲೇಶಿ, ಇಲ್ಲಿ ಬಾ. ಮೇಲೆ ಒಣಗಿದೆ, ಕೆಳಗೆ ನೋಡು" ಎಂದೆ.

"ಅಲ್ರೀ ವೈನಿ, ಇಡೀ ಹೊಲ ಒಣಗೈತಿ. ನೀವೊಬ್ರೇ ಹಸಿ ಹುಡಕಾಕತ್ತೀರಿ" ಎನ್ನುತ್ತಲೇ ಬಂದ. ನೋಡಿದ ಮೇಲೆ ಅವನ ಮುಖ ಸಣ್ಣದಾಯಿತು. "ತಿರುವಿ ಹಾಕಿ ಇನ್ನೆರಡು ದಿನ ಬಿಡಬೇಕ್ರಿ" ಎಂದ.

ಎರಡು ದಿನ ಇರಲಿಲ್ಲ. ತೆಂಕಣ ದಿಕ್ಕಿನಲ್ಲಿ ಮುಗಿಲು ಇದ್ದಿಲಿನ ರಾಶಿಯಾಗಿತ್ತು, ಸಣ್ಣಗೆ ಗುಡುಗು ಕೇಳುತ್ತಿತ್ತು. ಅತ್ತೆ ಬದುವಿನ ಮೇಲೆ ನಿಂತು ಸೆರಗು ಸೊಂಟಕ್ಕೆ ಸಿಗಿಸಿದರು. "ಇದು ನೆಂದ್ರ ಎಲ್ಲಾ ಹೋತು. ಅಷ್ಟು ಹಸಿ ಬಣವಿಯಾಗ ಆರತೈತಿ. ಹೇರ್ರಿ" ಎಂದರು. ಅಂದು ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಎಲ್ಲರೂ ಸೇರಿ ಹೇರಿದೆವು. ಕೊನೆಯ ಟ್ರೇಲರ್ ಹಿತ್ತಲಿಗೆ ಬಂದು ಬಣವಿಯ ನೆತ್ತಿಗೆ ತಾಡಪತ್ರಿ ಎಳೆಯುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ನೆನೆಯುತ್ತ ನಿಂತು ನಕ್ಕೆವು, ಗೆದ್ದವರ ಹಾಗೆ. ಶಿವಾನಂದ ಕೂಡ ನಕ್ಕ.

ಮರುದಿನದಿಂದ ಅತ್ತೆ ತಮ್ಮ ದನಗಳಿಗೆ ಕಳೆದ ವರ್ಷದ ಹಳೆಯ ಕಣಿಕೆಯನ್ನೇ ಹಾಕಿಸಿದರು. ಹೊಸ ಬಣವಿಯ ಮೇವು ಕಾಶಿಯ ದನಗಳಿಗೆ ಮಾತ್ರ, ಅದರಲ್ಲೂ ಮೊದಲ ಹೊರೆ ಚಂದ್ರಿಗೆ. "ತವರಿಗಿ ಬಂದ ಹೆಣ್ಣುಮಗಳ ದನಕ್ಕ ಹಳೇದು ಹಾಕೂದೇನು?" ಎಂಬುದು ಅವರ ಲೆಕ್ಕ. ಕಾಶಿ ಬೇಡವೆಂದರೂ ಕೇಳಲಿಲ್ಲ. ತಾಯಿ ಮಗಳಿಗೆ ತುಪ್ಪ ಬಡಿಸುವ ಹಾಗೆ ತಾವೇ ಬಣವಿಯ ಪಕ್ಕೆಯಿಂದ ಹಿರಿದು ಹಿರಿದು ಹಾಕಿದರು.

ದಸರೆ ಮುಗಿದು ಬೆಳಗಿನ ಗಾಳಿಗೆ ಸ್ವಲ್ಪ ಚಳಿ ಬಂದಿತ್ತು. ಅಂಗಳಕ್ಕೆ ನೀರು ಹಾಕಲು ಎದ್ದಾಗ ನಮ್ಮ ಕೋಳಿಗಳೆಲ್ಲ ಗೂಡಿನ ಮಾಡು ಬಿಟ್ಟು ಬಣವಿಗೆ ಮೈಯೊತ್ತಿ ಸಾಲಾಗಿ ಕುಳಿತಿದ್ದು ಕಂಡಿತು. ಎಲ್ಲ ಬಿಟ್ಟು ಇಲ್ಲೇಕೆ ಎಂದುಕೊಂಡೆ. ಮೇಲೆ ನೋಡಿದರೆ ತಾಡಪತ್ರಿಯ ಒಳಮೈಯಲ್ಲಿ ಹನಿಗಳು ಕಟ್ಟಿ ಇಳಿಯುತ್ತಿದ್ದವು. ಮಳೆ ಬಂದು ಆಗಲೇ ದಿನಗಳಾಗಿದ್ದವು. ಬಣವಿ ಬೆವೆತಿತ್ತು.

ಕೈ ಹಾಕಿದೆ. ಮಣಿಕಟ್ಟಿನವರೆಗೆ ಬೆಚ್ಚಗೆ, ಇನ್ನೂ ಒಳಗೆ ಆಗತಾನೆ ಇಳಿಸಿದ ಅನ್ನದ ಬೋಗುಣಿಯ ಹಾಗೆ. ಕೈ ಎಳೆದುಕೊಂಡಾಗ ಅದಕ್ಕೆ ಸುಟ್ಟ ಬೆಲ್ಲದ ವಾಸನೆ ಹತ್ತಿತ್ತು.

ನನ್ನ ಕೂಗಿಗೆ ಮಲ್ಲೇಶಿ ಓಡಿ ಬಂದ, ಬಂದವನೇ ತಾಡಪತ್ರಿ ಎಳೆದು ಹಾಕಿದ. ಹೀಗೆ ಕಾದ ಬಣವಿ ತಾನಾಗಿಯೇ ಹೊತ್ತಿಕೊಳ್ಳುವುದುಂಟು ಎಂದು ಅವನಿಗೆ ಗೊತ್ತಿತ್ತು. ಕೊಡಗಳಲ್ಲಿ ನೀರು ತುಂಬಿಟ್ಟುಕೊಂಡು, ಕೊಕ್ಕೆ ಹಾಕಿ ಬಣವಿ ಕಿತ್ತೆವು. ಹೊರಗಿನ ಪದರ ಚೆನ್ನಾಗಿತ್ತು. ಒಳಗೆ ಹೋದಂತೆ ಮೇವು ತಂಬಾಕಿನ ಬಣ್ಣಕ್ಕೆ ತಿರುಗಿತ್ತು, ಅದಕ್ಕೂ ಒಳಗೆ ಬಿಳಿ ಬೂಷ್ಟು ಹತ್ತಿಯಂತೆ ಹಬ್ಬಿತ್ತು. ಎಳೆದ ಕಡೆಯೆಲ್ಲ ಧೂಳು ಎದ್ದು ಎಲ್ಲರೂ ಕೆಮ್ಮಿದೆವು. ಅತ್ತೆ ಮಾತ್ರ ಬಣವಿಯ ಒಂದು ಪಕ್ಕೆಯನ್ನೇ ನೋಡುತ್ತ ನಿಂತಿದ್ದರು. ಚಂದ್ರಿಗೆಂದು ದಿನವೂ ಹಿರಿಯುತ್ತಿದ್ದ ಪಕ್ಕೆ ಅದು. ಅಲ್ಲಿ ಆಗಲೇ ಮೊಳದಷ್ಟು ಆಳದ ಗವಿಯಾಗಿತ್ತು, ಗವಿಯ ಗೋಡೆಯೆಲ್ಲ ಬಿಳಿ.

ಒಂದೆರಡು ದಿನ ಬಿಟ್ಟು ಚಂದ್ರಿ ದಿನ ತುಂಬುವ ಮೊದಲೇ ಕಂದು ಹಾಕಿತು. ಸತ್ತ ಕರುವನ್ನು ಕಾಶಿ ತನ್ನ ಹಳೆಯ ಸೀರೆಯಲ್ಲಿ ಸುತ್ತಿದಳು.

ದನದ ಡಾಕ್ಟರು ಬಂದು ಎಮ್ಮೆ ನೋಡಿದರು, ಮೇವು ನೋಡಿದರು, ಕೈ ತೊಳೆದುಕೊಂಡರು. "ಈ ಬೂಷ್ಟಿಂದ ಆಗಿರಬಹುದು. ಟೆಂಪೋದಾಗಿನ ಕುಲುಕಾಟದಿಂದನೂ ಆಗಿರಬಹುದು. ಹಿಂಗೇ ಅಂತ ಹೇಳಾಕ ಬರೂದಿಲ್ರಿ" ಎಂದರು. ಶಿವಾನಂದ ಎರಡನೆಯ ಮಾತನ್ನು ಹಿಡಿದುಕೊಂಡ, ದೊಡ್ಡ ಮನಸ್ಸಿನಿಂದ. ಅತ್ತೆ ಮೊದಲನೆಯದನ್ನು ಬಿಡಲಿಲ್ಲ. ಕಾಶಿ ಏನು ನಂಬಿದಳೋ ತಿಳಿಯಲಿಲ್ಲ. ನೆರೆಯ ಹೆಂಗಸರು ಕೇಳಲು ಬಂದಾಗ ಅವಳು "ಅವ್ವ ಚಲೋದಂತ ಹಾಕಿದ್ಲು" ಎಂದಷ್ಟೇ ಹೇಳುತ್ತಿದ್ದಳು. ಒಳಗೆ ಒಲೆಯ ಮುಂದಿದ್ದ ಅತ್ತೆಗೆ ಅದು ಪ್ರತಿ ಸಲವೂ ಕೇಳಿಸುತ್ತಿತ್ತು. ಬೈದಿದ್ದರೆ ಅವರು ಜಗಳವಾಡಿ ಹಗುರಾಗುತ್ತಿದ್ದರು.

ಶಿವಾನಂದ ಮತ್ತೆ ಮಾರುವ ಮಾತೆತ್ತಿದ. ಉಳಿದದ್ದು ಹೊಲದ ಇನ್ನರ್ಧ ಮೇವು ಮಾತ್ರ. ಅದೂ ಕೆಟ್ಟರೆ ಕಾಶಿಯ ಕೊಟ್ಟಿಗೆ ಬರಿದು.

ಮಲ್ಲೇಶಿ ಊರಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ದಸ್ತಗೀರನನ್ನು ಕರೆತಂದ. ನಮ್ಮ ಮನೆಯ ನೇಗಿಲಿನ ಕಾಲದಿಂದ ಬಂದು ಹೋಗುವ ಮನುಷ್ಯ, ಬಾಯಿ ಸುಮ್ಮನಿಲ್ಲ. ಯಂತ್ರದ ಕೆಳಗೆ ಚೀಲ ಹಾಸಿ ಮಲಗಿಕೊಂಡೇ, "ವೈನಿ, ಮಷೀನಿನ ಪುಸ್ತಕ ಇಂಗ್ಲಿಷಿನ್ಯಾಗ ಐತಂತ. ನೀವು ಓದಿ ಹೇಳ್ರಿ, ನಾ ತಿರುಪ್ತೇನಿ. ಕಾನ್ವೆಂಟಿಗಿ ಕೊಟ್ಟ ಫೀ ಇವತ್ತಾದ್ರೂ ವಸೂಲಾಗ್ಲಿ" ಎಂದ.

ಇಲಿ ತಿಂದು ಉಳಿದ ಪುಟಗಳಲ್ಲಿ, ಬೆಳೆಯ ದಂಟು ನೋಡಿ ರೋಲುಗಳ ಅಂತರ ಹೊಂದಿಸಬೇಕು, ಆ ಅಂತರ ಎರಡೂ ಕೊನೆಗಳಲ್ಲಿ ಸಮವಿರಬೇಕು ಎಂದಿತ್ತು. ನಾನು ಬಲಮಗ್ಗುಲಿನ ಹಸಿ ದಂಟಿನ ಕಥೆ ಹೇಳಿದೆ. ದಸ್ತಗೀರ ಎದ್ದು ಕುಳಿತು ಯೋಚಿಸಿದ. "ಹಂಗಾದ್ರ ಬಲಕ್ಕ ರೋಲು ಬಾಯಿ ಬಿಟ್ಟೈತಿ. ಆದ್ರ ಎಷ್ಟು ಬಿಟ್ಟೈತಿ ಅಂತ ನೋಡೂದು ಹೆಂಗ? ಒಳಗ ಕಣ್ಣೂ ಹೋಗೂದಿಲ್ಲ, ಅಳತಿಪಟ್ಟೀನೂ ಹೋಗೂದಿಲ್ಲ."

ನನಗೆ ಮಕ್ಕಳ ಡಬ್ಬಿಗೆ ಚಪಾತಿ ಸುತ್ತುವ ಬೆಳ್ಳಿಬಣ್ಣದ ಹಾಳೆ ನೆನಪಾಯಿತು. ಅದನ್ನು ಹಿಂಡಿದರೆ ಹಿಂಡಿದ ಹಾಗೇ ಉಳಿಯುತ್ತದೆ, ಮತ್ತೆ ಉಬ್ಬುವುದಿಲ್ಲ. ಹಾಳೆಯನ್ನು ಬೆರಳು ಗಾತ್ರದ ಸುರುಳಿ ಮಾಡಿ ಮೂರು ತುಂಡು ತಂದೆ. ಟ್ರ್ಯಾಕ್ಟರಿನ ಕೀಲಿ ಮಲ್ಲೇಶಿ ತೆಗೆದು ನನ್ನ ಕೈಗೇ ಕೊಟ್ಟ. ದಸ್ತಗೀರ ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು ಸುರುಳಿ ಇಟ್ಟು ದೂರ ಸರಿದ. ಮಲ್ಲೇಶಿ ಪಕ್ಕದ ಗಾಲಿ ಹಿಡಿದು ರೋಲನ್ನು ನಿಧಾನವಾಗಿ ತಿರುಗಿಸಿದ. ಆಚೆ ಬಂದ ತುಂಡುಗಳನ್ನು ಅಂಗೈಯಲ್ಲಿ ಸಾಲಾಗಿಟ್ಟೆವು. ಎಡದ್ದು ಹಪ್ಪಳದ ಹಾಗೆ ಚಪ್ಪಟೆ. ನಡುವಿನದು ರೊಟ್ಟಿಯಷ್ಟು ದಪ್ಪ. ಬಲದ್ದು ಇಟ್ಟ ಹಾಗೇ ಗುಂಡಗೆ ಬಂದಿತ್ತು.

"ಅರೆ, ಇದು ಒಂದ ಕಡಿ ಹಲ್ಲಿನ್ಯಾಗ ಅಗಿಯೋ ಮುದುಕ ಆಗೈತಿ!" ಎಂದ ದಸ್ತಗೀರ. ಬಹಳ ದಿನಗಳ ಮೇಲೆ ಆ ಅಂಗಳದಲ್ಲಿ ಯಾರೋ ನಕ್ಕರು.

ಬಲಬದಿಯ ಬೋಲ್ಟು ತುಸು ಒಳಕ್ಕೆ, ಎಡಬದಿಯದು ತುಸು ಹೊರಕ್ಕೆ. ಮತ್ತೆ ಸುರುಳಿ, ಮತ್ತೆ ತಿರುಗಿಸುವುದು. ಎಡಕ್ಕೆ ಬಿಗಿ ಹೆಚ್ಚಾದರೆ ಎಲೆ ಹಿಟ್ಟಾಗುತ್ತದೆ, ಬಲಕ್ಕೆ ಸಡಿಲಾದರೆ ದಂಟು ಹಸಿ. ನನ್ನ ಹಾಳೆಯ ಉರುಳೆ ಮುಗಿಯುವ ಹೊತ್ತಿಗೆ ಮೂರೂ ತುಂಡು ಒಂದೇ ದಪ್ಪ ಬಂದವು. ಹಿಂದಿನ ತಗಡಿನ ರೆಕ್ಕೆಗಳನ್ನು ಅಗಲಕ್ಕೆ ತೆರೆದರು, ಮೇವು ಹಾಸಿದಂತೆ ಹರಡಿ ಬೀಳಲಿ ಎಂದು.

ಉಳಿದದ್ದು ಬ್ಲೇಡಿನ ಎತ್ತರ ಹಿಡಿಯುವ ಪಾದ. ದಸ್ತಗೀರ ಪಾನಾ ಹಿಡಿದು ಕೇಳಿದ: "ಬ್ಲೇಡ್ ಎಷ್ಟು ಎತ್ತಲಿ?"

ಮಲ್ಲೇಶಿ ತಾಯಿಯ ಕಡೆ ನೋಡಿದ. ನಾನೂ ಪುಸ್ತಕ ಮುಚ್ಚಿ ಹಿಡಿದೆ. ಅತ್ತೆ ಅಲ್ಲಿಯ ತನಕ ಕಂಬಕ್ಕೆ ಒರಗಿ ನಿಂತಿದ್ದರು. ನಿಧಾನ ಬಂದು ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಬಳೆ ಹಿಂದೆ ಸರಿಸಿ, ಮುಷ್ಟಿ ಕಟ್ಟಿ ನೆಲದ ಮೇಲೆ ನಿಲ್ಲಿಸಿದರು. ಬ್ಲೇಡಿನ ಕೆಳಗೆ ಆ ಮುಷ್ಟಿ ಸಣ್ಣ ಮಗುವಿನ ತಲೆಯಂತೆ ಕಂಡಿತು.

"ಇಷ್ಟು ಬಿಡ್ರಿ" ಎಂದರು. "ಸಾಲದಂದ್ರ ಇನ್ನೂ ಬಿಡ್ರಿ."

ಕಾಶಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋದಳು.

ದೀಪಾವಳಿಯ ಮುನ್ನ ಮತ್ತೆ ಬಿಸಿಲು ಬಿತ್ತು, ಉಳಿದರ್ಧ ಹೊಲ ಕೊಯ್ದರು. ಈ ಸಲ ಮೇವು ಮೋಟುಗಳ ಮೇಲೆ, ಮಂಚದ ಮೇಲೆ ಹಾಸಿದಂತೆ ಕೂತಿತ್ತು. ಕೆಳಗೆ ಕೈ ತೂರಿಸಿದರೆ ಗಾಳಿ ಆಡುವುದು ತಿಳಿಯುತ್ತಿತ್ತು. ನಾನೂ ಕಾಶಿಯೂ ಹೊಲದ ಎರಡು ಕೊನೆಗಳಿಂದ ಹಿಡಿಹಿಡಿ ಎತ್ತಿ ತಿರುಚಿ ನೋಡುತ್ತ ನಡುವೆ ಬಂದು ಸೇರುತ್ತಿದ್ದೆವು. ತಿರುಚಿದಾಗ ದಂಟು ಬಾಗಿದರೆ ಇನ್ನೂ ಹಸಿ, ಚಟ್ಟನೆ ಮುರಿದರೆ ಒಣಗಿದ್ದು. ಮೊದಲ ದಿನ ಎಲ್ಲ ಬಾಗಿದವು. ಎರಡನೆಯ ದಿನ ಅಲ್ಲೊಂದು ಇಲ್ಲೊಂದು ಚಟ್ ಎಂದಿತು, ಎಡ ಬಲ ಎಂಬ ಭೇದವಿಲ್ಲದೆ.

ಮೂರನೆಯ ದಿನ ಮಧ್ಯಾಹ್ನ ಮತ್ತೆ ಅದೇ ತೆಂಕಣ ಮುಗಿಲು, ಅದೇ ಇದ್ದಿಲ ರಾಶಿ. ಟ್ರೇಲರ್ ಹೊಲದಲ್ಲೇ ನಿಂತಿತ್ತು. ಶಿವಾನಂದ ಚಡಪಡಿಸಿದ. "ಅತ್ತಿಯವರ, ಹೇರೂಣೇನ್ರಿ? ನೋಡ್ರಿ ಬಂತು."

ಅತ್ತೆ ಬದುವಿನ ಮೇಲೆ ಕುಳಿತೇ ಇದ್ದರು. ಮುಗಿಲಿನ ಕಡೆ ನೋಡುತ್ತಿರಲಿಲ್ಲ, ಮಗಳ ಕೈ ನೋಡುತ್ತಿದ್ದರು. "ಕಾಶಿ ಅಂದ್ರ ಹೇರೂದು" ಎಂದರು.

ಕಾಶಿ ಒಂದು ಹಿಡಿ ತಿರುಚಿದಳು. ಅರ್ಧ ಮುರಿಯಿತು, ಅರ್ಧ ಬಾಗಿತು. "ಇಲ್ಲ" ಎಂದಳು. ಮಳೆ ಸುರಿದರೆ ಆ ಒಂದು ಮಾತಿಗೆ ಅವಳ ಕೊಟ್ಟಿಗೆಯೇ ಹೋಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಒಂದೆರಡು ದಪ್ಪ ಹನಿ ಬಿದ್ದೇ ಬಿದ್ದವು, ನನ್ನ ಹಣೆಯ ಮೇಲೊಂದು, ಟ್ರೇಲರಿನ ತಗಡಿನ ಮೇಲೆ ಟಣ್ಣೆಂದು ಇನ್ನೊಂದು. ಮಲ್ಲೇಶಿ ತಲೆ ಹಿಡಿದುಕೊಂಡು ಕುಳಿತ. ಯಾರೂ ಕದಲಲಿಲ್ಲ. ಮುಗಿಲು ಹಾಗೇ ಹೊರಳಿ ಸಿಂದಗಿಯ ಕಡೆ ಹೋಯಿತು. ಅಲ್ಲಿ ಶಾಲೆಯ ವರಾಂಡದಲ್ಲಿ ನಿಂತಿದ್ದ ನಮ್ಮವರು "ಇಲ್ಲಿ ಭಾರಿ ಮಳಿ" ಎಂದು ಫೋನ್ ಮಾಡಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಇಳಿಹೊತ್ತಿಗೆ ಹೊಲದ ಯಾವ ಮೂಲೆಯಲ್ಲಿ ಹಿಡಿದರೂ ಚಟ್ ಚಟ್. ಎಲೆ ಇನ್ನೂ ದಂಟಿನಲ್ಲೇ ಇತ್ತು. ಇಡೀ ಹೊಲ ಆಗತಾನೆ ತೆರೆದ ಚಹಾದ ಡಬ್ಬಿಯಂತಿತ್ತು. ಕಾಶಿ ತಲೆಯಾಡಿಸಿದಳು, ಹೇರಿದೆವು.

ಆದರೆ ಅರ್ಧ ಹೊಲದ ಮೇವು ಅರ್ಧ ಹೊಲದಷ್ಟೇ. ಎರಡು ಮನೆಯ ಎಲ್ಲ ದನಕ್ಕೆ ಕಣಿಕೆ ಬರುವ ತನಕ ಅದು ಸಾಲುತ್ತಿರಲಿಲ್ಲ. "ಒಂದನ್ನ ಕೊಟ್ರ ಉಳದದ್ದು ತಡೀತಾವ" ಎಂದ ಶಿವಾನಂದ. ಯಾವುದೆಂದು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕರುವಿಲ್ಲದ, ಹಾಲಿಗೆ ಬಾರದ ಎಮ್ಮೆ ಒಂದೇ ಇತ್ತು. ಅತ್ತೆ ಕೊಟ್ಟಿಗೆಗೆ ಹೋಗಿ ತಮ್ಮ ಹಾಲು ಕರೆಯುವ ಎಮ್ಮೆಯ ಹಗ್ಗ ಬಿಚ್ಚಿ ತಂದು ಕಾಶಿಯ ಮುಂದೆ ಹಿಡಿದರು. "ಇದನ್ನ ಕೊಡು. ಚಂದ್ರಿ ಇರ್ಲಿ."

"ಬ್ಯಾಡವ್ವಾ" ಎಂದಳು ಕಾಶಿ. ದನಿ ಏರಿಸಲಿಲ್ಲ. "ನೀ ಕೊಟ್ಟಿದ್ದು ಸಾಕು."

ವ್ಯಾಪಾರಿ ಬಂದಾಗ ಚಂದ್ರಿಯ ಹಗ್ಗವನ್ನು ಅವಳೇ ಬಿಚ್ಚಿ ಕೊಟ್ಟಳು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಟೆಂಪೋದ ಸದ್ದು ಓಣಿ ದಾಟುವ ತನಕ ಒಂದೇ ರೊಟ್ಟಿಯನ್ನು ಬಡಿದರು. ಅದು ಹರಿದು ಹೋಗಿತ್ತು.

ಕಾಶಿ ಎಳ್ಳ ಅಮಾವಾಸ್ಯೆಯ ತನಕ ಇದ್ದಳು. ಅಂದು ಎಲ್ಲರೂ ಬಡಗಣ ಹೊಲಕ್ಕೆ ಬುತ್ತಿ ಒಯ್ದೆವು, ಸಜ್ಜೆ ಕಡುಬು, ಭಜ್ಜಿಪಲ್ಯ, ಶೇಂಗಾ ಹೋಳಿಗೆ. ಹೊಲ ಎರಡು ಬಣ್ಣದ್ದಾಗಿತ್ತು. ನೆಲಕ್ಕೆ ಹಚ್ಚಿ ಕೊಯ್ದ ಅರ್ಧದಲ್ಲಿ ಬುಡಗಳು ಸತ್ತು ಬರೀ ಕರಿನೆಲ. ಮುಷ್ಟಿಯಷ್ಟು ಮೋಟು ಬಿಟ್ಟ ಅರ್ಧದಲ್ಲಿ ಮತ್ತೆ ಚಿಗುರೊಡೆದು ಮೊಣಕಾಲೆತ್ತರ ಹಸಿರು. ನಡುವೆ ಗೆರೆ ಕೊರೆದ ಹಾಗೆ. ಅತ್ತೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವಾಗ ಹಸಿರಿನ ಕಡೆ ಬೇಗ ಬೇಗ ಮುಗಿಸಿ, ಕರಿನೆಲದ ಉದ್ದಕ್ಕೂ ಒಬ್ಬರೇ ಬಹಳ ಹೊತ್ತು ನಡೆದರು. ಬುಟ್ಟಿ ಬರಿದಾದ ಮೇಲೂ ಅವರ ಕೈ ಚೆಲ್ಲುತ್ತಲೇ ಇತ್ತು.

ಮರುದಿನ ಕಾಶಿ ಉಳಿದ ದನಗಳನ್ನು ಹೇರಿಕೊಂಡು ಊರಿಗೆ ಹೋದಳು. ಜೊತೆಗೆ ಒಂದು ಟ್ರೇಲರ್ ಒಣಮೇವು.

ಈಗ ಎಲ್ಲವೂ ಸರಿಯಿದೆ. ಅವಳ ಕೊಟ್ಟಿಗೆ ಮತ್ತೆ ತುಂಬಿದೆ. ಹಬ್ಬಕ್ಕೆ ಬರುತ್ತಾಳೆ, ನಾವೂ ಇಂಡಿಯಿಂದ ಹೋಗುತ್ತೇವೆ, ತಾಯಿ ಮಗಳು ಒಂದೇ ತಾಟಿನಲ್ಲಿ ಉಣ್ಣುತ್ತಾರೆ. ಮಲ್ಲೇಶಿ ಯಂತ್ರ ಹೂಡುವ ಮೊದಲು ಅತ್ತೆ ಈಗಲೂ ಹೊಲಕ್ಕೆ ಹೋಗಿ ಮುಷ್ಟಿ ಇಟ್ಟು ನೋಡುತ್ತಾರೆ. ನಾನು ಪ್ರತಿ ವರ್ಷ ಒಂದು ಉರುಳೆ ಬೆಳ್ಳಿ ಹಾಳೆ ಕಳಿಸುತ್ತೇನೆ.

ಆದರೆ ಬಸ್ಸಿಳಿದು ಬಂದ ಕಾಶಿ ಕಾಲು ತೊಳೆದವಳೇ ನೇರ ಹಿತ್ತಲಿಗೆ ಹೋಗುತ್ತಾಳೆ. ಬಳೆಗಳನ್ನು ಹಿಂದೆ ಸರಿಸಿ ಬಣವಿಯೊಳಗೆ ಮೊಳಕೈಯವರೆಗೆ ಕೈ ಹಾಕುತ್ತಾಳೆ. ಹಾಗೇ ನಿಲ್ಲುತ್ತಾಳೆ, ನಾಡಿ ನೋಡುವವರಂತೆ. ಅತ್ತೆ ಹಿಂದೆಯೇ ಚಹಾದ ಕಪ್ಪು ಹಿಡಿದು ಬಂದಿರುತ್ತಾರೆ. ಬಾ ಎನ್ನುವುದಿಲ್ಲ, ಕುಡಿ ಎನ್ನುವುದಿಲ್ಲ. ಚಹಾದ ಮೇಲೆ ಕೆನೆ ಕಟ್ಟುತ್ತದೆ. ಕಾಶಿ ಕೈ ಹೊರಗೆಳೆದು, ಮೂಸಿ ನೋಡಿ, ಸೆರಗಿಗೆ ಒರೆಸಿಕೊಂಡ ಮೇಲೆ ತಾಯಿಯ ಕೈಯಿಂದ ಕಪ್ಪು ತೆಗೆದುಕೊಳ್ಳುತ್ತಾಳೆ.